ತುಂಗೆಯಿಂದ ಕಿಷ್ಕಿಂಧೆಗೆ

ಹೋದ ಸೆಮಿಸ್ಟರ್ ರಜೆಯಲ್ಲಿ ಗೆಳೆಯರೆಲ್ಲ ಸೇರಿ ಆನೆಗೊಂದಿಗೆ ಹೋಗಿದ್ವಿ. ಅಂಜನಾದ್ರಿಯ 500ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಕೆಳಗೆ ನೋಡಿದರೆ ಬಂಡೆಗಳ ನಡುವೆ ತುಂಗಭದ್ರೆ. ಇದೇ ಕಿಷ್ಕಿಂಧೆ, ಹನುಮ ಹುಟ್ಟಿದ್ದು ಇಲ್ಲೇ ಅಂತಾರೆ. ಗಾಳಿಯ ಮಗ, ಆಗ್ನೇಯಾಸ್ತ್ರ, ವರುಣಾಸ್ತ್ರ... ನಾವು ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಗಳಲ್ಲಿ ಹುಡುಕೋ ಮ್ಯಾಜಿಕ್ ಎಲ್ಲ ರಾಮಾಯಣದಲ್ಲೇ ಇದೆ. ಆದರೆ ಇಲ್ಲಿನ ಪಾತ್ರಗಳು ನನಗೆ ನಿಜವಾದ ಮನುಷ್ಯರ ಹಾಗೆ ಕಂಡಿದ್ದು ಕುವೆಂಪು ಅವರಿಂದ.

ಅವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಬೆಳೆದದ್ದು ತೀರ್ಥಹಳ್ಳಿ ಹತ್ತಿರದ ಕುಪ್ಪಳಿಯಲ್ಲಿ. ತೀರ್ಥಹಳ್ಳಿಯ ತುಂಗೆಯೇ ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ ಆನೆಗೊಂದಿ ತನಕ ಬರೋದು! ಚಿಕ್ಕ ವಯಸ್ಸಲ್ಲೇ ತಂದೆ ತೀರಿಕೊಂಡರು. ಹೈಸ್ಕೂಲು, ಕಾಲೇಜು ಎಲ್ಲ ಮೈಸೂರಲ್ಲಿ.

ನಮ್ಮಂಥವರಿಗೆ ಗೊತ್ತಿರಬೇಕಾದ ವಿಷಯ ಇದು: ಅವರು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಅನ್ನೋ ಇಂಗ್ಲಿಷ್ ಕವನಗಳ ಪುಸ್ತಕವೂ ಬಂತು. ಆಮೇಲೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತಮ್ಮ ಕವಿತೆ ತೋರಿಸಿದರು. ಕಸಿನ್ಸ್ ಓದಿ, ನಿನ್ನ ಭಾಷೆಯಲ್ಲೇ ಬರಿ ಅಂತ ಹೇಳಿದರು. ಹುಡುಗನಿಗೆ ಮೊದಲು ನಿರಾಸೆ ಆಯ್ತು. ಆಗದೆ ಇರುತ್ತಾ? ಹೊಗಳಿಕೆ ಬೇಕಿದ್ದ ಕಡೆ ಸಲಹೆ ಸಿಕ್ಕಿದರೆ! ಆದರೂ ಕನ್ನಡಕ್ಕೆ ಬಂದರು.

1929ರಲ್ಲಿ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು. 1936ರಲ್ಲಿ 'ಶ್ರೀ ರಾಮಾಯಣ ದರ್ಶನಂ' ಶುರು ಮಾಡಿ, ಸುಮಾರು ಹತ್ತು ವರ್ಷ ಬರೆದರು. 22,000ಕ್ಕೂ ಹೆಚ್ಚು ಸಾಲು. ಅದರಲ್ಲಿ ಮಂಥರೆ ಬರೀ ವಿಲನ್ ಅಲ್ಲ, ಭರತನ ಮೇಲಿನ ಕುರುಡು ಮಮತೆಯಿಂದ ಕೆಟ್ಟದ್ದು ಮಾಡಿದವಳು. ವಾಲಿಯನ್ನು ಮರೆಯಲ್ಲಿ ನಿಂತು ಕೊಂದದ್ದು ರಾಮನನ್ನೇ ಚುಚ್ಚುತ್ತೆ. ಕೊನೆಗೆ ಬೆಂಕಿಗೆ ಸೀತೆ ಒಬ್ಬಳೇ ಹೋಗಲ್ಲ, ರಾಮನೂ ಇಳಿಯುತ್ತಾನೆ. ಅವಳೊಬ್ಬಳಿಗೇ ಯಾಕೆ ಪರೀಕ್ಷೆ ಅಂತ ಚಿಕ್ಕಂದಿನಲ್ಲಿ ಅಜ್ಜಿಯನ್ನ ಕೇಳಿ ಬೈಸಿಕೊಂಡಿದ್ದೆ, ಹಾಗಾಗಿ ಈ ಜಾಗ ಗೊತ್ತಾದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಈ ಕಾವ್ಯಕ್ಕೆ ಕನ್ನಡದ ಮೊದಲ ಜ್ಞಾನಪೀಠ, 1967ನೇ ಸಾಲಿನದು, ಬಂತು. ಅದಕ್ಕೂ ಮುಂಚೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದರು. 1994ರ ನವೆಂಬರ್ 11ರಂದು ಮೈಸೂರಲ್ಲಿ ತೀರಿಕೊಂಡರು, ಸಮಾಧಿ ಕುಪ್ಪಳಿಯ ಕವಿಶೈಲದಲ್ಲಿದೆ.

ಆನೆಗೊಂದಿಯಿಂದ ಬಂದ ಮೇಲೆ ನಾನು ನೇರ 'ಕಿಷ್ಕಿಂಧಾ ಸಂಪುಟ'ದಿಂದಲೇ ಓದೋಕೆ ಕೂತಿದ್ದೀನಿ. ಪುಟಕ್ಕೆ ಹತ್ತು ಪದ ಅರ್ಥ ಆಗಲ್ಲ, ನಿಘಂಟು ಪಕ್ಕದಲ್ಲೇ ಇದೆ.