ಡಾ. ಎಲಿಯಟ್ ಜೋಸ್ಲಿನ್ (1869–1962): ಜೀವನ ಪರಿಚಯ

ಮಧುಮೇಹ ಚಿಕಿತ್ಸೆಯ ಇತಿಹಾಸದಲ್ಲಿ ಅಗ್ರಗಣ್ಯರಾದ ಡಾ. ಎಲಿಯಟ್ ಪ್ರಾಕ್ಟರ್ ಜೋಸ್ಲಿನ್ ಅವರು 1869ರ ಜೂನ್ 6ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಕ್ಸ್‌ಫರ್ಡ್‌ನಲ್ಲಿ ಜನಿಸಿದರು. 1895ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಿಂದ ಪದವಿ ಪಡೆದು, ಬಾಸ್ಟನ್ ನಗರದಲ್ಲಿ ವೈದ್ಯವೃತ್ತಿ ಕೈಗೊಂಡರು. ಅವರ ತಾಯಿಯೂ ಮಧುಮೇಹಿಯಾಗಿದ್ದರು. ಔಷಧವೇ ಇಲ್ಲದ ಆ ಕಾಲದಲ್ಲಿ ಕಟ್ಟುನಿಟ್ಟಾದ ಪಥ್ಯದಿಂದ ಆಕೆ ಹಲವು ವರ್ಷ ಬದುಕಿದ್ದು ಮಗನ ಚಿಂತನೆಗೆ ದಾರಿ ತೋರಿರಬೇಕು.

ಜೋಸ್ಲಿನ್ ಅವರು ಪ್ರತಿಯೊಬ್ಬ ರೋಗಿಯ ವಿವರವನ್ನೂ ದಪ್ಪ ದಫ್ತರಗಳಲ್ಲಿ ದಾಖಲಿಸುತ್ತಿದ್ದರು. 1916ರಲ್ಲಿ ವೈದ್ಯರಿಗಾಗಿಯೂ 1918ರಲ್ಲಿ ರೋಗಿಗಳಿಗಾಗಿಯೂ ಗ್ರಂಥಗಳನ್ನು ಪ್ರಕಟಿಸಿದರು. ರೋಗಿಯೇ ತನ್ನ ಕಾಯಿಲೆಯನ್ನು ಅರಿತು ನಿಭಾಯಿಸಬೇಕೆಂಬ ವಿಚಾರ ಅಂದು ತೀರ ಹೊಸದಾಗಿತ್ತು. ಟೊರಾಂಟೊ ನಗರದಲ್ಲಿ 1921ರಲ್ಲಿ ಕಂಡುಹಿಡಿಯಲಾದ ಇನ್ಸುಲಿನ್ ಅನ್ನು ಅವರು 1922ರ ಆಗಸ್ಟ್‌ನಲ್ಲಿ, ಹಸಿವಿನ ಪಥ್ಯದಿಂದ ಕೃಶಳಾಗಿದ್ದ ದಾದಿಯೊಬ್ಬಳಿಗೆ ನೀಡಿದರು.

ಇನ್ಸುಲಿನ್‌ನಿಂದ ಪ್ರಜ್ಞೆ ತಪ್ಪಿ ಸಾಯುವವರು ಕಡಿಮೆಯಾದರು. ಆದರೆ ದೀರ್ಘಕಾಲ ಬದುಕಿದವರ ಕಣ್ಣು, ಮೂತ್ರಪಿಂಡ ಹಾಗೂ ಹೃದಯದ ರಕ್ತನಾಳಗಳು ಹಾಳಾಗುವುದನ್ನು ಜೋಸ್ಲಿನ್ ತಮ್ಮ ದಾಖಲೆಗಳಲ್ಲಿಯೇ ಕಂಡರು. ರಕ್ತದ ಸಕ್ಕರೆಯನ್ನು ಮೊದಲಿನಿಂದಲೂ ಹತೋಟಿಯಲ್ಲಿಟ್ಟರೆ ಈ ಹಾನಿಯನ್ನು ತಡೆಯಬಹುದೆಂದು ಅವರು ವಾದಿಸಿದರು. ರೋಗಿಗಳಿಗೆ ಇಷ್ಟು ಕಟ್ಟುಪಾಡು ಅನಗತ್ಯವೆಂದು ಕೆಲವು ತಜ್ಞರು ವಿರೋಧಿಸಿದರು. ಇದನ್ನು ನಿರ್ಣಯಿಸುವಂತಹ ದೊಡ್ಡ ಪ್ರಯೋಗ ಅವರ ಜೀವಿತಾವಧಿಯಲ್ಲಿ ನಡೆಯಲಿಲ್ಲ. 1962ರ ಜನವರಿ 28ರಂದು, ತಮ್ಮ 92ನೇ ವಯಸ್ಸಿನಲ್ಲಿ, ಅವರು ನಿಧನರಾದರು.

ತೀರ್ಪು ಬಂದದ್ದು 1993ರಲ್ಲಿ. ಟೈಪ್ 1 ಮಧುಮೇಹವಿರುವ 1,441 ಜನರನ್ನು ಒಳಗೊಂಡ ಅಮೆರಿಕ ಮತ್ತು ಕೆನಡಾ ದೇಶಗಳ ಅಧ್ಯಯನವು, ಬಿಗಿಯಾದ ಹತೋಟಿಯಿಂದ ಕಣ್ಣು, ಮೂತ್ರಪಿಂಡ ಮತ್ತು ನರಗಳ ಹಾನಿ ಗಣನೀಯವಾಗಿ ತಗ್ಗುವುದೆಂದು ಸಾಬೀತುಪಡಿಸಿತು. ಅಧ್ಯಯನ ಮುಗಿದ ನಂತರ ಎರಡೂ ಗುಂಪಿನವರ ಸಕ್ಕರೆ ಪ್ರಮಾಣ ಹೆಚ್ಚುಕಡಿಮೆ ಒಂದೇ ಆದರೂ, ಮೊದಲು ಹತೋಟಿ ಸಾಧಿಸಿದ್ದವರಿಗೆ ವರ್ಷಗಟ್ಟಲೆ ರಕ್ಷಣೆ ದೊರೆಯುತ್ತಲೇ ಇತ್ತು. ಹಿಂದಿನ ಸಕ್ಕರೆಯನ್ನು ದೇಹವು ಎಲ್ಲಿ ನೆನಪಿಟ್ಟುಕೊಳ್ಳುತ್ತದೆ?

ಉತ್ತರದ ಒಂದು ಭಾಗ ರಕ್ತನಾಳಗಳ ಒಳಪದರದ ಜೀವಕೋಶಗಳಲ್ಲಿ ದೊರೆಯಿತು. ಮಹಾಪಧಮನಿಯ ಇಂತಹ ಕೋಶಗಳನ್ನು ಅಲ್ಪಕಾಲ ಅಧಿಕ ಸಕ್ಕರೆಯಲ್ಲಿರಿಸಿದಾಗ, ಉರಿಯೂತಕ್ಕೆ ಚಾಲನೆ ನೀಡುವ ಪಿ65 ಎಂಬ ಪ್ರೋಟೀನಿನ ವಂಶವಾಹಿಯು ಹೆಚ್ಚು ಸಕ್ರಿಯವಾಯಿತೆಂದು 2008ರಲ್ಲಿ ವರದಿಯಾಯಿತು. ವಂಶವಾಹಿಯ ಬರಹ ಬದಲಾಗಿರಲಿಲ್ಲ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿನ ಮೇಲೆ ರಾಸಾಯನಿಕ ಗುರುತೊಂದು ಮೂಡಿತ್ತು. ಸಕ್ಕರೆಯನ್ನು ಸಾಮಾನ್ಯ ಮಟ್ಟಕ್ಕೆ ತಂದ ಬಳಿಕವೂ ಕನಿಷ್ಠ 6 ದಿನ ಆ ಬದಲಾವಣೆ ಉಳಿದಿತ್ತು.