ಹಲ್ಲು ಉಳಿಸಿ ಎಂದ ಶಸ್ತ್ರವೈದ್ಯ ಅಲ್ ಝಹ್ರಾವಿ

ಅಬುಲ್ ಖಾಸಿಂ ಅಲ್ ಝಹ್ರಾವಿ ಅವರ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಶಸ್ತ್ರಚಿಕಿತ್ಸೆಯ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ವೈದ್ಯಕೀಯ ನನ್ನ ವಿಷಯವಲ್ಲ. ಆದರೂ ಬಾಯಿ, ಹಲ್ಲು ಮತ್ತು ದವಡೆಯ ಚಿಕಿತ್ಸೆಯ ಬಗ್ಗೆ ಅವರು ಸಾವಿರ ವರ್ಷಗಳ ಹಿಂದೆ ಬರೆದಿಟ್ಟದ್ದನ್ನು ತಿಳಿದ ಮೇಲೆ ನಿಮಗೂ ಹೇಳಬೇಕೆನಿಸಿತು.

ಅವರು ಹುಟ್ಟಿದ್ದು ಸುಮಾರು ಕ್ರಿ.ಶ. 936ರಲ್ಲಿ. ಇಂದಿನ ಸ್ಪೇನ್ ದೇಶದ ಕಾರ್ಡೋಬಾ ಆಗ ಮುಸ್ಲಿಂ ಆಡಳಿತದ ದೊಡ್ಡ ರಾಜಧಾನಿ. ಅದರ ಪಕ್ಕದಲ್ಲೇ ಖಲೀಫರು ಕಟ್ಟಿಸಿದ ಮದೀನತ್ ಅಝ್ ಝಹ್ರಾ ಎಂಬ ಅರಮನೆಯ ನಗರವಿತ್ತು. ಅದರಿಂದಲೇ ಅವರಿಗೆ ಝಹ್ರಾವಿ ಎಂಬ ಹೆಸರು ಬಂತು. ಬದುಕಿನುದ್ದಕ್ಕೂ ರೋಗಿಗಳನ್ನು ನೋಡಿ, ಆ ಅನುಭವವನ್ನೆಲ್ಲ ಸುಮಾರು 1000ದ ಹೊತ್ತಿಗೆ 'ಕಿತಾಬ್ ಅತ್ ತಸ್ರೀಫ್' ಎಂಬ 30 ಭಾಗಗಳ ಗ್ರಂಥವಾಗಿ ಬರೆದು ಮುಗಿಸಿದರು. ಕೊನೆಯ ಭಾಗ ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಸುಮಾರು 200 ಉಪಕರಣಗಳ ಚಿತ್ರಗಳಿವೆ.

ಆ ಭಾಗವನ್ನು ಅವರು ಆರಂಭಿಸುವುದು ದುಃಖದಿಂದ. ತಮ್ಮ ಕಾಲದಲ್ಲಿ ಶಸ್ತ್ರವಿದ್ಯೆ ಬಹುತೇಕ ಅಳಿದುಹೋಗಿದೆ, ದೇಹದ ರಚನೆಯನ್ನೇ ಕಲಿಯದವರು ಚಾಕು ಹಿಡಿಯುತ್ತಿದ್ದಾರೆ ಎಂದು ಹೇಳುತ್ತಾರೆ. ಒಬ್ಬ ವೈದ್ಯ ಹೆಂಗಸಿನ ಕುತ್ತಿಗೆಯ ಗಡ್ಡೆಯನ್ನು ಕತ್ತರಿಸಲು ಹೋಗಿ ರಕ್ತನಾಳ ಕತ್ತರಿಸಿದ. ಆಕೆ ಅವನೆದುರೇ ರಕ್ತ ಹರಿದು ಸತ್ತಳು. ಇಂಥ ಸಾವುಗಳನ್ನು ತಡೆಯುವುದಕ್ಕೇ ಅವರು ಬರೆದರು.

ಹಲ್ಲಿನ ವಿಷಯದಲ್ಲೂ ಅವರದು ಇದೇ ಎಚ್ಚರ. ಹಲ್ಲು ಕೀಳುವುದು ಕೊನೆಯ ದಾರಿ, ಏಕೆಂದರೆ ಹೋದ ಹಲ್ಲಿಗೆ ಸಾಟಿಯಿಲ್ಲ. ಕೀಳಲೇಬೇಕಾದರೆ ನೋಯುತ್ತಿರುವ ಹಲ್ಲು ಯಾವುದು ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು. ನೋವು ರೋಗಿಗೇ ಮೋಸ ಮಾಡುತ್ತದೆ. ಆತ ಚೆನ್ನಾಗಿರುವ ಹಲ್ಲನ್ನು ತೋರಿಸಿಬಿಡುತ್ತಾನೆ, ಅದು ಹೋದರೂ ನೋವು ಉಳಿಯುತ್ತದೆ. ಆಗ ಹಲ್ಲು ಕೀಳುವ ಕೆಲಸವನ್ನು ಕ್ಷೌರಿಕರೂ ಮಾಡುತ್ತಿದ್ದರು. ಅವಸರದಲ್ಲಿ ಎಳೆದು ಬೇರನ್ನು ಒಳಗೇ ಬಿಡುವುದು, ದವಡೆಯ ಮೂಳೆಯ ಚೂರನ್ನೂ ಕಿತ್ತು ತರುವುದು ಇವೆಲ್ಲ ನಡೆಯುತ್ತಿತ್ತು. ಮೊದಲು ವಸಡನ್ನು ಸುತ್ತಲೂ ಬಿಡಿಸಿ, ಹಲ್ಲನ್ನು ಮೆಲ್ಲಗೆ ಸಡಿಲಿಸಿ, ಆಮೇಲೆ ಇಕ್ಕಳ ಹಿಡಿಯಬೇಕು ಎಂದು ಅವರು ಕಲಿಸಿದರು.

ನಮ್ಮ ದಾದಿ ಹಲ್ಲುನೋವು ಬಂದರೆ ಲವಂಗ ಇಟ್ಟುಕೊಂಡು ದಿನ ದೂಡುತ್ತಾರೆ. ಡಾಕ್ಟರ ಹತ್ತಿರ ಹೋದರೆ ಕಿತ್ತೇಬಿಡುತ್ತಾರೆ ಎಂಬ ಭಯ ಅವರಿಗೆ. ಝಹ್ರಾವಿ ಸಾಹೇಬರೂ ಹಲ್ಲು ಉಳಿಸಿ ಎಂದೇ ಹೇಳಿದ್ದಾರೆ, ಬೇಗ ಹೋದರೆ ತಾನೇ ಉಳಿಸಲು ಆಗುವುದು ಎಂದು ನಾನು ಅವರಿಗೆ ಹೇಳಿದೆ.

ಹಲ್ಲಿಗೆ ಅಂಟಿದ ಗಟ್ಟಿ ಕೊಳೆ ವಸಡನ್ನು ಕೆಡಿಸುತ್ತದೆ ಎಂದೂ ಅವರು ಬರೆದಿದ್ದಾರೆ. ರೋಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆ ಬೇರೆ ಆಕಾರದ ಕೆರೆಯುವ ಉಪಕರಣಗಳಿಂದ ಅದನ್ನು ತೆಗೆಯಬೇಕು. ಒಂದು ಸಲಕ್ಕೆ ಆಗದಿದ್ದರೆ ಮತ್ತೆ ಮತ್ತೆ ಕೂರಿಸಿ ತೆಗೆಯಬೇಕು. ಇಂದು ನಾವು ಕ್ಲೀನಿಂಗ್ ಎನ್ನುವುದು ಇದನ್ನೇ.

ದವಡೆ ಜಾರಿದರೆ ಹೆಬ್ಬೆರಳುಗಳನ್ನು ಬಾಯೊಳಗಿಟ್ಟು ಅದನ್ನು ಜಾಗಕ್ಕೆ ಕೂರಿಸುವ ಕ್ರಮವನ್ನು ಅವರು ವಿವರಿಸಿದ್ದಾರೆ. ದವಡೆ ಮುರಿದು ಹಲ್ಲು ಸಡಿಲವಾದರೆ ಹಲ್ಲುಗಳನ್ನು ತಂತಿಯಿಂದ ಒಂದಕ್ಕೊಂದು ಹೆಣೆದು ಕಟ್ಟಿ, ಮೆತ್ತನೆಯ ಆಹಾರ ಕೊಡಬೇಕು. ಸಡಿಲ ಹಲ್ಲು ಕಟ್ಟುವ ತಂತಿ ಬೆಳ್ಳಿಯದಾದರೆ ಕೆಲವೇ ದಿನಗಳಲ್ಲಿ ಹಸಿರುಗಟ್ಟಿ ಕೆಡುತ್ತದೆ, ಚಿನ್ನ ಹಾಗೇ ಉಳಿಯುತ್ತದೆ, ಆದ್ದರಿಂದ ಚಿನ್ನವೇ ಒಳ್ಳೆಯದು ಎಂದರು. ಕಾಮರ್ಸ್ ಓದುವ ನನಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಯಿತು. ಇಂದಿಗೂ ಮುರಿದ ದವಡೆಗೆ ತಂತಿ ಕಟ್ಟುತ್ತಾರೆ, ಜೊತೆಗೆ ಲೋಹದ ಪಟ್ಟಿಗಳೂ ಬಂದಿವೆ.

ನಾಲಿಗೆಯ ಕೆಳಗಿನ ಗಂಟನ್ನು ಕತ್ತರಿಸಿ ತೆಗೆಯುವುದನ್ನು ಅವರು ಕಲಿಸಿದರು. ಆದರೆ ಗಂಟು ಕಪ್ಪಗೆ, ಗಟ್ಟಿಯಾಗಿದ್ದು ಸ್ಪರ್ಶವೇ ತಿಳಿಯದಿದ್ದರೆ ಅದು ಕ್ಯಾನ್ಸರ್, ಮುಟ್ಟಬೇಡಿ ಎಂದರು. ಅಂದು ಅದಕ್ಕೆ ಮದ್ದಿರಲಿಲ್ಲ. ಇಂದು ಬಾಯಿಯ ಕ್ಯಾನ್ಸರ್ ಬೇಗ ಗೊತ್ತಾದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆ ಹೆಚ್ಚು. ಎರಡು ವಾರ ಕಳೆದರೂ ಮಾಯದ ಹುಣ್ಣು, ಗುಟ್ಕಾ ಅಡಿಕೆ ಜಗಿದು ಬಾಯಿ ತೆರೆಯಲು ಆಗದಿರುವುದು ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ದಯವಿಟ್ಟು ತಡ ಮಾಡಬೇಡಿ.

ಅವರ ಕೊನೆಯ ವರ್ಷಗಳಲ್ಲಿ ಅಂತರ್ಯುದ್ಧ ಶುರುವಾಗಿ ಝಹ್ರಾ ನಗರ ಲೂಟಿಯಾಗಿ ಹಾಳಾಯಿತು. ಸುಮಾರು 1013ರಲ್ಲಿ ಅವರು ತೀರಿಕೊಂಡರು. ಪುಸ್ತಕ ಮಾತ್ರ ಉಳಿಯಿತು. 12ನೇ ಶತಮಾನದಲ್ಲಿ ಟೊಲೆಡೋ ನಗರದಲ್ಲಿ ಕ್ರೆಮೋನಾದ ಜೆರಾರ್ಡ್ ಅದರ ಶಸ್ತ್ರಚಿಕಿತ್ಸೆಯ ಭಾಗವನ್ನು ಲ್ಯಾಟಿನ್ ಭಾಷೆಗೆ ತಂದರು. ಯುರೋಪಿನ ವೈದ್ಯರು ಶತಮಾನಗಳ ಕಾಲ ಅದನ್ನು ಓದಿದರು.

ಆ ಪುಸ್ತಕದಲ್ಲಿ ಅವರು ತಮ್ಮ ಶಿಷ್ಯರನ್ನು ಮಕ್ಕಳೇ ಎಂದು ಕರೆಯುತ್ತಾರೆ. ಪೂರ್ತಿ ತಿಳಿಯದೆ ಕೈ ಹಾಕಬೇಡಿ ಎಂಬುದು ಆ ಮಕ್ಕಳಿಗೆ ಅವರು ಮತ್ತೆ ಮತ್ತೆ ಹೇಳಿದ ಮಾತು. ಸೈನ್ಸ್ ಇರಲಿ, ಕಾಮರ್ಸ್ ಇರಲಿ, ಆರ್ಟ್ಸ್ ಇರಲಿ, ಆ ಮಾತು ನಮಗೂ ಸೇರಿದ್ದು.