ಆಗ್ನೆಸ್ ಜೋನ್ಸ್: ಬಡವರ ವಾರ್ಡಿನ ನರ್ಸ್

ನರ್ಸ್ ಅಂದ ಕೂಡಲೇ ನಮಗೆಲ್ಲಾ ನೆನಪಾಗೋದು ಫ್ಲಾರೆನ್ಸ್ ನೈಟಿಂಗೇಲ್. ಅವರ ಶಾಲೆಯಲ್ಲಿ ಕಲಿತ ಆಗ್ನೆಸ್ ಜೋನ್ಸ್ ಬಗ್ಗೆ ಕೇಳಿದ್ದೀರಾ?

ಆಗ್ನೆಸ್ ಹುಟ್ಟಿದ್ದು 1832ರಲ್ಲಿ, ಅನುಕೂಲವಂತ ಐರಿಷ್ ಕುಟುಂಬದಲ್ಲಿ. ಅಂಥ ಮನೆಯ ಹುಡುಗಿಯರು ನರ್ಸ್ ಆಗೋದು ಆಗ ಮರ್ಯಾದೆಯ ಕೆಲಸ ಅನ್ನಿಸಿಕೊಳ್ತಿರಲಿಲ್ಲ. ಆದ್ರೂ ಅವರು 1862ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ನೈಟಿಂಗೇಲ್ ಶಾಲೆ ಸೇರಿದರು.

ಮುಂದೆ ಅವರು ಹೋಗಿದ್ದು ಲಿವರ್‌ಪೂಲ್‌ನ ವರ್ಕ್‌ಹೌಸ್ ಆಸ್ಪತ್ರೆಗೆ. ವರ್ಕ್‌ಹೌಸ್ ಅಂದ್ರೆ ಗತಿಯಿಲ್ಲದವರು ಕೊನೆಗೆ ಬಂದು ಸೇರುತ್ತಿದ್ದ ಜಾಗ. ಅಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳು. ನೋಡಿಕೊಳ್ತಿದ್ದವರು ಅಲ್ಲೇ ಇದ್ದ ಬಡ ಹೆಂಗಸರು. ತರಬೇತಿನೂ ಇಲ್ಲ, ಸಂಬಳನೂ ಇಲ್ಲ. 1865ರಲ್ಲಿ ಆಗ್ನೆಸ್ ಕೈಕೆಳಗೆ ಬಂದದ್ದು ತರಬೇತಿ ಪಡೆದ 12 ನರ್ಸ್‌ಗಳು ಮಾತ್ರ. ಖರ್ಚು ಕೊಟ್ಟವರು ವ್ಯಾಪಾರಿ ವಿಲಿಯಂ ರಾಥ್‌ಬೋನ್. ಅಲ್ಲಿನ ಹೆಂಗಸರಿಗೂ ಸಂಬಳ ಕೊಟ್ಟು ಕೆಲಸ ಕಲಿಸೋಕೆ ನೋಡಿದರು. ದುಡ್ಡು ಕೈಗೆ ಬಂದ ದಿನ ಕೆಲವರು ಕುಡಿದುಬಿಟ್ಟರು. ಆ ಪ್ರಯತ್ನ ಕೈಗೂಡಲಿಲ್ಲ. ಆಗ್ನೆಸ್ ಕೆಲಸ ಬಿಡಲಿಲ್ಲ.

1868ರ ಫೆಬ್ರವರಿಯಲ್ಲಿ ಟೈಫಸ್ ಜ್ವರ ಬಂದು ಅಲ್ಲೇ ತೀರಿಕೊಂಡರು. ವಯಸ್ಸು ಬರೀ 35.

ದುಡ್ಡಿಲ್ಲದವರಿಗೂ ಕೆಲಸ ಕಲಿತ ನರ್ಸ್ ಸಿಗಬೇಕು ಅನ್ನೋದು ಇವತ್ತು ನಮಗೆ ಸಹಜ. ಅದನ್ನು ಮೊದಮೊದಲು ಮಾಡಿ ತೋರಿಸಿದವರಲ್ಲಿ ಇವರೂ ಒಬ್ಬರು.